ಎದೆಯ ಪೊರೆ ದಾಟುವ ಕ್ಯಾನ್ಸರ್, ಲೆಕ್ಕಕ್ಕೆ ಸಿಗದ ಸಾವು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ತಂಬ್ರಹಳ್ಳಿಯಂತಹ ಬಯಲುಸೀಮೆಯ ಊರುಗಳಲ್ಲಿ ಮಣ್ಣಿನ ಮಾಳಿಗೆಯ ಜಾಗಕ್ಕೆ ಸಿಮೆಂಟ್ ಶೀಟು ಬಂದು ಬಹಳ ಕಾಲವಾಯಿತು. ಇಂತಹ ಬಹುಪಾಲು ಶೀಟುಗಳಿಗೆ ಗಟ್ಟಿತನ ನೀಡುವುದು ಕಲ್ನಾರು, ಅಂದರೆ ಆಸ್ಬೆಸ್ಟಾಸ್. ಹೊದಿಸಿದ ಶೀಟು ಒಡೆಯದಿದ್ದರೆ ಅಪಾಯ ಕಡಿಮೆ. ಆದರೆ ಅದನ್ನು ಕತ್ತರಿಸುವ, ಕೊರೆಯುವ, ಒಡೆದು ಎಸೆಯುವ ಕೂಲಿಕಾರರ ಉಸಿರಿಗೆ ಸೇರುವ ದೂಳಿನಲ್ಲಿ ಕಲ್ನಾರಿನ ಎಳೆಗಳಿರುತ್ತವೆ. ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೋಥೀಲಿಯೋಮ ಎಂಬ ಕ್ಯಾನ್ಸರ್‌ಗೆ ಮುಖ್ಯ ಕಾರಣ ಇದೇ. ರೋಗ ತಲೆದೋರಲು 20ರಿಂದ 50 ವರ್ಷ ಹಿಡಿಯುತ್ತದೆ.

ಈ ಕ್ಯಾನ್ಸರ್ ಎದೆಗೂಡನ್ನು ಬಿಟ್ಟು ಹೊರಹೋಗುವುದು ಅಪರೂಪ ಎಂಬುದು ವೈದ್ಯಲೋಕದ ಹಳೆಯ ಗ್ರಹಿಕೆ. ಆಸ್ಟ್ರೇಲಿಯ ಮತ್ತು ಬ್ರಿಟನ್ನಿನ 318 ರೋಗಿಗಳ ಮರಣೋತ್ತರ ಪರೀಕ್ಷೆಯನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅಧ್ಯಯನ ಅದನ್ನು ಅಲುಗಾಡಿಸಿತು. ಅರ್ಧಕ್ಕೂ ಹೆಚ್ಚು ಮಂದಿಯಲ್ಲಿ ರೋಗ ದೂರದ ಅಂಗಗಳಿಗೆ ಹರಡಿತ್ತು. ಸುಮಾರು ಮೂರನೇ ಒಂದು ಭಾಗದಷ್ಟು ಜನರಲ್ಲಿ ಅದು ಯಕೃತ್ತನ್ನು ಮುಟ್ಟಿತ್ತು. ಕೆಲವರಲ್ಲಿ ಗುಲ್ಮ, ಥೈರಾಯ್ಡ್ ಮತ್ತು ಮಿದುಳನ್ನೂ ತಲುಪಿತ್ತು.

ನಮ್ಮ ಹಳ್ಳಿಗಳಿಗೆ ಇದರಿಂದ ಎರಡು ಬಗೆಯ ತೊಡಕು. ಎದೆಯಲ್ಲಿ ನೀರು ತುಂಬಿದರೆ ಮೊದಲ ಅನುಮಾನ ಕ್ಷಯದ ಮೇಲೆ. ಗಡ್ಡೆ ಯಕೃತ್ತಿನಲ್ಲಿ ಕಂಡರೆ ಮೂಲ ಎಲ್ಲಿಯದೆಂಬ ಹುಡುಕಾಟವೇ ದಾರಿ ತಪ್ಪಬಹುದು. ಬಯಾಪ್ಸಿ ಮತ್ತು ಅಂಗಾಂಶದ ವಿಶೇಷ ಪರೀಕ್ಷೆ ಇಲ್ಲದೆ ಖಚಿತ ನಿರ್ಣಯ ಕಷ್ಟ. ಹೆಸರು ಸಿಗದ ರೋಗ ಯಾವ ನೋಂದಣಿಗೂ ಸೇರುವುದಿಲ್ಲ. ನೋಂದಣಿಯಲ್ಲಿ ಕಾಣದ ರೋಗವನ್ನು ಇಲ್ಲವೆಂದು ವಾದಿಸುವುದು ಸುಲಭ.

ಬೆಂಗಳೂರಿನಲ್ಲಿ ಕ್ಯಾನ್ಸರ್ ನೋಂದಣಿ ಆರಂಭವಾದದ್ದು 1982ರಲ್ಲಿ. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಅಥವಾ ನಿವೃತ್ತಿಯ ನಂತರ 15 ವರ್ಷ, ಇವೆರಡರಲ್ಲಿ ಯಾವುದು ನಂತರವೋ ಅಲ್ಲಿಯವರೆಗೆ ಕಾಯ್ದಿಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲಿ ಆದೇಶಿಸಿತು. ಆದರೆ ಗುತ್ತಿಗೆಯ ಮೇಲೆ ಶೀಟು ಹೊದಿಸುವವನಿಗೆ ಕಾರ್ಖಾನೆಯ ಹಾಜರಿ ಪುಸ್ತಕವೇ ಇಲ್ಲ. ಇನ್ನು ದಾಖಲೆ ಎಲ್ಲಿಂದ ಬರಬೇಕು?

ಕಲ್ನಾರು ಗಣಿಗಾರಿಕೆಗೆ ಹೊಸ ಗುತ್ತಿಗೆ ನೀಡುವುದನ್ನು ಕೇಂದ್ರ 1986ರಲ್ಲೇ ನಿಲ್ಲಿಸಿತು. ಆಮದಿಗೆ ಮಾತ್ರ ಬಾಗಿಲು ತೆರೆದೇ ಇದೆ. ನಿಷೇಧದ ಚರ್ಚೆ ಮುಗಿಯುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದಿದೆ. ಎದೆಯಲ್ಲಿ ನೀರು ತುಂಬಿ ಬಂದ ಪ್ರತಿ ರೋಗಿಯನ್ನೂ ಹಿಂದೆ ಯಾವ ಕೆಲಸ ಮಾಡುತ್ತಿದ್ದಿರಿ ಎಂದು ಕೇಳಿ, ಉತ್ತರವನ್ನು ಕಡತದಲ್ಲಿ ಬರೆದಿಡಬೇಕು. ಇದಕ್ಕೆ ಯಂತ್ರ ಬೇಡ, ಅನುದಾನವೂ ಬೇಡ. ಈ ರೋಗವನ್ನು ಲೆಕ್ಕಕ್ಕೆ ತರುವ ಮೊದಲ ಹೆಜ್ಜೆ ಅದೇ.