ಚಿತ್ರ ನೋಡಿ ಚೀಲ ಕೊಳ್ಳಬೇಡಿ

ರೈತ ಬಾಂಧವರೇ, ನ್ಯಾನೋ ಜೇಡಿ, ನ್ಯಾನೋ ಇಂಗಾಲ ಎಂಬ ಹೆಸರಿನ ಪದಾರ್ಥವನ್ನು ಯಾರಾದರೂ ನಿಮ್ಮ ಮುಂದಿಟ್ಟು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ತೆಗೆದ ಚಿತ್ರವನ್ನು ತೋರಿಸಿದರೆ ಏನು ಮಾಡುವಿರಿ? ಆ ಚಿತ್ರ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದನ್ನು ಮೊದಲು ಅರಿಯುವುದು ಲೇಸು.

ಒಂದು ನ್ಯಾನೋಮೀಟರ್ ಎಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು. ಸಾಧಾರಣ ಸೂಕ್ಷ್ಮದರ್ಶಕವು ಸುಮಾರು 200 ನ್ಯಾನೋಮೀಟರಿಗಿಂತ ಸಣ್ಣ ವಿವರಗಳನ್ನು ಬಿಡಿಸಿ ತೋರಿಸಲಾರದು. ಬೆಳಕಿನ ಬದಲು ಎಲೆಕ್ಟ್ರಾನುಗಳನ್ನು ಬಳಸುವ ಉಪಕರಣವನ್ನು 1931ರಲ್ಲಿ ಬರ್ಲಿನ್ನಿನಲ್ಲಿ ಅರ್ನ್ಸ್ಟ್ ರುಸ್ಕಾ ಮತ್ತು ಮ್ಯಾಕ್ಸ್ ನೋಲ್ ಕಟ್ಟಿದರು. ಜಪಾನಿನ ಸುಮಿಯೋ ಇಜಿಮಾ 1991ರಲ್ಲಿ ಇಂಗಾಲದ ಅತಿ ಸೂಕ್ಷ್ಮ ನಳಿಕೆಗಳನ್ನು ವರ್ಣಿಸಿದ್ದು ಇಂತಹ ಉಪಕರಣದ ನೆರವಿನಿಂದಲೇ.

ಈ ವಿದ್ಯೆ ನಮ್ಮ ಮಣ್ಣಿಗೂ ಸಂಬಂಧಪಟ್ಟಿದೆ. ಪಿಂಗಾಣಿಗೆ ಬಳಸುವ ಕೆಯೋಲಿನೈಟ್ ಜೇಡಿಯು ಇದರಲ್ಲಿ ಆರು ಮೂಲೆಯ ಬಿಲ್ಲೆಗಳಾಗಿ ಕಾಣುತ್ತದೆ. ಎರೆಭೂಮಿಯ ಮಾಂಟ್‌ಮೊರಿಲೊನೈಟ್ ಜೇಡಿಯ ಒಂದು ಪದರದ ದಪ್ಪ ಸುಮಾರು ಒಂದೇ ನ್ಯಾನೋಮೀಟರ್. ಪದರಗಳ ನಡುವೆ ನೀರು ಸೇರಿದರೆ ಭೂಮಿ ಉಬ್ಬುತ್ತದೆ, ಆರಿದರೆ ಬಿರುಕು ಬಿಡುತ್ತದೆ. ನಿಸರ್ಗವೇ ಕೊಟ್ಟ ನ್ಯಾನೋ ಪದಾರ್ಥ ನಿಮ್ಮ ಹೊಲದಲ್ಲಿಯೇ ಇದೆ!

ಆದರೆ ಚಿತ್ರಕ್ಕೂ ಮಿತಿಯುಂಟು. ಪರೀಕ್ಷೆಗೆ ಬೇಕಾಗುವುದು ಚಿಟಿಕೆಗಿಂತಲೂ ಕಡಿಮೆ ಮಾದರಿ. ಸಾಮಾನ್ಯವಾಗಿ ಅದನ್ನು ಒಣಗಿಸಿ, ಗಾಳಿ ತೆಗೆದ ಕೋಣೆಯಲ್ಲಿಟ್ಟು ನೋಡುತ್ತಾರೆ. ಒಣಗುವಾಗ ಕಣಗಳು ಒಂದಕ್ಕೊಂದು ಅಂಟಿ ಗುಂಪುಗೂಡಬಹುದು. ಒಂದು ಚಿತ್ರದಲ್ಲಿ ಕಾಣುವ ನಾಲ್ಕಾರು ಕಣಗಳು ಇಡೀ ಚೀಲಕ್ಕೆ ಸಾಕ್ಷಿಯಾಗಲಾರವು. ಕಣ ಸಣ್ಣದೆಂದ ಮಾತ್ರಕ್ಕೆ ಇಳುವರಿ ಹೆಚ್ಚುತ್ತದೆಂದು ತಿಳಿಯುವುದೂ ತಪ್ಪು. ಹಸಿ ಮಣ್ಣಿನಲ್ಲಿ, ಬೇರಿನ ಬಳಿ ಅದು ಹೇಗೆ ವರ್ತಿಸುತ್ತದೆಂಬುದನ್ನು ಚಿತ್ರ ತಿಳಿಸದು.

ಆದುದರಿಂದ ಮಾರುವವರನ್ನು ಮೂರು ಪ್ರಶ್ನೆ ಕೇಳಿರಿ. ಎಷ್ಟು ಕಣಗಳನ್ನು ಅಳೆದಿದ್ದಾರೆ? ಚಿತ್ರ ಇದೇ ತಯಾರಿಕೆಯದೋ? ಇದನ್ನು ಹಾಕಿದ ಮತ್ತು ಹಾಕದ ತಾಕುಗಳನ್ನು ಹೋಲಿಸಿ ನೋಡಿದ ಫಲಿತಾಂಶವೆಲ್ಲಿ? ಉತ್ತರ ಸಮಾಧಾನಕರವೆನಿಸಿದರೂ ಇಡೀ ಹೊಲಕ್ಕೆ ಹಾಕಬೇಡಿ. ಒಂದೇ ತಳಿ, ಒಂದೇ ಗೊಬ್ಬರ, ಒಂದೇ ನೀರು ಕೊಟ್ಟು, ಅಕ್ಕಪಕ್ಕದಲ್ಲಿ ಹಲವು ಸಣ್ಣ ತಾಕುಗಳನ್ನು ಮಾಡಿರಿ. ಅರ್ಧದಷ್ಟಕ್ಕೆ ಮಾತ್ರ ಅದನ್ನು ಹಾಕಿ, ಕೊಯ್ಲಾದ ಮೇಲೆ ಬೇರೆ ಬೇರೆಯಾಗಿ ತೂಗಿರಿ. ಖರ್ಚನ್ನೂ ಲೆಕ್ಕ ಹಿಡಿಯಿರಿ.

ವಿಜ್ಞಾನವನ್ನು ದೂರವಿಡಿ ಎಂಬುದು ನನ್ನ ಅಭಿಪ್ರಾಯವಲ್ಲ. ಕಣದ ರಚನೆ ತಿಳಿಯಲು ಸೂಕ್ಷ್ಮದರ್ಶಕ ಬೇಕು; ಬೆಳೆಯ ಲಾಭ ತಿಳಿಯಲು ತಕ್ಕಡಿ ಬೇಕು. ಹಣ ಬಿಚ್ಚುವ ಮುನ್ನ ಎರಡರ ಸಾಕ್ಷಿಯನ್ನೂ ಕೇಳುವುದು ನಿಮ್ಮ ಹಕ್ಕು.