ಹುಲಿಯ ಲೆಕ್ಕವಿದೆ, ನೀಲಕಂಠದ್ದೆಲ್ಲಿ?

ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ 141 ಹುಲಿಗಳಿವೆ ಎಂದು 2022ರ ಗಣತಿ ಹೇಳಿತು. ನಾಲ್ಕು ವರ್ಷಕ್ಕೊಮ್ಮೆ ಕಾಡಿನುದ್ದಕ್ಕೂ ಕ್ಯಾಮೆರಾ ಕಟ್ಟಿ, ಮೈಮೇಲಿನ ಪಟ್ಟೆಗಳಿಂದ ಹುಲಿಗಳನ್ನು ಗುರುತು ಹಿಡಿದು ನಡೆಸುವ ಎಣಿಕೆ ಅದು. ಸಂಖ್ಯೆ ಇಳಿದರೆ ದೆಹಲಿಯವರೆಗೂ ಸುದ್ದಿಯಾಗುತ್ತದೆ, ಅಧಿಕಾರಿಗಳು ಉತ್ತರ ಹೇಳಬೇಕಾಗುತ್ತದೆ. ಆದರೆ ಆನೆ ಕಂದಕ ದಾಟಿ ಈಚೆಗೆ ಬಂದರೆ ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ.ಕೋಟೆ, ಕೆ.ಆರ್.ನಗರ ಸೀಮೆಯ ಹೊಲ, ಕೆರೆ, ಕುರುಚಲು ಕಾಡು. ಇಲ್ಲಿನ ಜೀವಗಳ ಬಗ್ಗೆ ಅಂಥ ಕಾಳಜಿಯ ಎಣಿಕೆಯಿಲ್ಲ. ಕೆಡುಕು ಮೊದಲು ತಲೆದೋರುವುದು ಮಾತ್ರ ಇಲ್ಲಿಯೇ.

ಕರೆಂಟ್ ತಂತಿಯ ಮೇಲೆ ಕೂತು ಹೊಲದ ಮಿಡತೆ, ಜೀರುಂಡೆ ಹಿಡಿಯುವ ನೀಲಕಂಠವನ್ನೇ ನೋಡಿ. ಇದು ಕರ್ನಾಟಕದ ರಾಜ್ಯಪಕ್ಷಿ. ಎಲ್ಲ ಕಡೆ ಕಾಣುವ ಹಕ್ಕಿಯಾದ್ದರಿಂದ ಅಂತರರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಇದನ್ನು ಬಹುಕಾಲ ಅಪಾಯವಿಲ್ಲದ ಗುಂಪಿಗೇ ಸೇರಿಸಲಾಗಿತ್ತು. ಆದರೆ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ 2023ರ ವರದಿ, ನೀಲಕಂಠದ ಸಂಖ್ಯೆ ಗಣನೀಯವಾಗಿ ಇಳಿದಿರುವುದನ್ನು ತೋರಿಸಿ, ಅದರ ಸ್ಥಿತಿಯನ್ನು ಮರುಪರಿಶೀಲಿಸಬೇಕೆಂದು ಹೇಳಿತು. ಸುಮಾರು 30 ಸಾವಿರ ಪಕ್ಷಿವೀಕ್ಷಕರು ದಾಖಲಿಸಿದ ಸುಮಾರು 3 ಕೋಟಿ ವೀಕ್ಷಣೆಗಳು ಆ ವರದಿಗೆ ಆಧಾರ. ಅದು ಪರಿಶೀಲಿಸಿದ 942 ಪ್ರಭೇದಗಳಲ್ಲಿ 178ಕ್ಕೆ ತುರ್ತು ಗಮನ ಬೇಕು. ದೀರ್ಘಕಾಲದ ಏರಿಳಿತ ಅಳೆಯಲು ಸಾಧ್ಯವಾದ 338 ಪ್ರಭೇದಗಳಲ್ಲಿ ಶೇ 60ರಷ್ಟು ಇಳಿಮುಖವಾಗಿವೆ. ನವಿಲು, ಕೋಗಿಲೆಗಳಂಥ ಕೆಲವು ಹೆಚ್ಚುತ್ತಿವೆ. ಬಯಲಿನ ಹಕ್ಕಿ, ಬೇಟೆಹಕ್ಕಿ, ಬಾತು, ಕೆರೆದಂಡೆಯ ವಲಸೆ ಗೊರವಗಳು ಕಡಿಮೆಯಾಗುತ್ತಿವೆ. ಈ ನಾಲ್ಕು ತಾಲ್ಲೂಕುಗಳ ಬಯಲು, ಕೆರೆಗಳನ್ನು ನೆಚ್ಚಿಕೊಂಡಿರುವುದು ಇಂಥವೇ.

ದೇಶದ ಸರಾಸರಿಯಿಂದ ನಮ್ಮ ಊರಿನ ಸ್ಥಿತಿ ತಿಳಿಯುವುದಿಲ್ಲ, ನಿಜ. ಆದರೆ ಇಲ್ಲಿ ಆತಂಕಕ್ಕೆ ನಮ್ಮದೇ ಕಾರಣಗಳಿವೆ. ರಾಜ್ಯದ ವರ್ಜೀನಿಯಾ ತಂಬಾಕು ಸೀಮೆಯ ಹೃದಯಭಾಗ ಇದು. ಮೇ ಹೊತ್ತಿಗೆ ನಾಟಿ, ಜುಲೈನಿಂದ ಸೊಪ್ಪು ಹದ ಮಾಡುವ ಬ್ಯಾರನ್‌ಗಳಿಗೆ ಬೆಂಕಿ, ಆಮೇಲೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರದ ಹರಾಜು ಮಾರುಕಟ್ಟೆಗಳಲ್ಲಿ ಬೇಲುಗಳ ಸಾಲು. ಒಂದು ಕೆ.ಜಿ. ಸೊಪ್ಪು ಹದವಾಗಲು ನಾಲ್ಕೈದು ಕೆ.ಜಿ. ಸೌದೆ ಉರಿಯುತ್ತದೆ. ಒಲೆಗೆ ಹೋಗುವುದರಲ್ಲಿ ಹೊಲದ ಬದುವಿನ ಹಳೆಯ ಮರಗಳೂ ಸೇರುತ್ತವೆ. ನೀಲಕಂಠ, ಗಿಳಿ, ಮೈನಾ, ಗೂಬೆಗಳು ಮೊಟ್ಟೆಯಿಡುವುದು ಅಂಥ ಮರಗಳ ಪೊಟರೆಗಳಲ್ಲೇ. ಬದುವಿಗೆ ಸಿಲ್ವರ್ ಓಕ್ ನೆಟ್ಟರೆ ಸೌದೆ ಸಿಕ್ಕೀತು, ಪೊಟರೆ ಸಿಗುವುದಿಲ್ಲ. ಜೊತೆಗೆ ಹುಳುಗಳಿಗೆಂದು ಸಿಂಪಡಿಸುವ ಕೀಟನಾಶಕ ಹಕ್ಕಿಗಳ ಊಟವನ್ನೂ ಇಲ್ಲವಾಗಿಸುತ್ತದೆ. ಇದಕ್ಕೆ ರೈತನನ್ನು ದೂರಿ ಫಲವಿಲ್ಲ. ಮಳೆಯನ್ನೇ ನಂಬಿದ ನೆಲದಲ್ಲಿ ಕೈಗೆ ಕಾಸು ಕೊಡುವ ಬೆಳೆ ಅದು. ಆದರೆ ಎಷ್ಟು ಬೆಳೆಯಬೇಕೆಂದು ಮಿತಿ ಹಾಕಿ, ಪರವಾನಗಿ ಕೊಡುವ ತಂಬಾಕು ಮಂಡಳಿಗೆ ಬ್ಯಾರನ್ನಿಗೆ ಬರುವ ಸೌದೆ ಎಲ್ಲಿಯದು ಎಂದು ಕೇಳುವ ಹೊಣೆಯೂ ಇರಬೇಕು.

ಎರಡನೆಯ ಆತಂಕ ಕೆರೆಗಳದ್ದು. ಮುತ್ತಿನಮುಳುಸೋಗೆಯ ಬಳಿ ಕಾವೇರಿ ನೀರೆತ್ತಿ ಪಿರಿಯಾಪಟ್ಟಣದ ಕೆರೆಗಳನ್ನು ತುಂಬಿಸುವಂಥ ಯೋಜನೆಗಳು ಊರಿಗೆ ವರ. ಅಂತರ್ಜಲ ಏರಬೇಕು, ದನಗಳಿಗೆ ನೀರು ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ತೊಂದರೆ ಇರುವುದು ಕೆರೆಯನ್ನು ಬರೀ ನೀರಿನ ತೊಟ್ಟಿ ಎಂದು ತಿಳಿದು ಕೆಲಸ ಮಾಡುವುದರಲ್ಲಿ. ಹಿಟಾಚಿ ಇಳಿಸಿ ಹೂಳೆತ್ತುವಾಗ ಅಂಚನ್ನು ಗೋಡೆಯಂತೆ ಕಡಿದರೆ, ಕಣಕಾಲುದ್ದದ ನೀರು ನಿಲ್ಲುವ ಜಾಗವೇ ಮಾಯವಾಗುತ್ತದೆ. ಚಳಿಗಾಲಕ್ಕೆ ಬರುವ ಗೊರವಗಳಿಗೆ ಬೇಕಿರುವುದು ಆಳದ ನೀರಲ್ಲ, ಕೊಕ್ಕು ಇಳಿಯುವ ಕೆಸರು. ಸೂಜಿಬಾಲದ ಬಾತಿಗೆ ಬೇಕಿರುವುದು ತಲೆ ಮುಳುಗಿಸಿದರೆ ಕೊಕ್ಕಿಗೆ ಸಿಗುವ ತಳ. ಜೊಂಡನ್ನು ಬುಡಸಮೇತ ಕಿತ್ತರೆ ನೀರುಕೋಳಿಗೆ ಗೂಡಿಲ್ಲ. ಹಿನ್ನೀರಿನ ಕಥೆಯೂ ಬೇರೆಯಲ್ಲ. ಕಬಿನಿಯಂಥ ಜಲಾಶಯಗಳಲ್ಲಿ ಬೇಸಿಗೆಗೆ ನೀರು ಇಳಿದಾಗ ಮೇಲೆದ್ದು ಕಾಣುವ ದಿಬ್ಬಗಳು ನದಿ ರೀವಕ್ಕೆ ಬೇಕು. ಅದು ಗೂಡು ಕಟ್ಟದೆ ಬರಿ ಮರಳಿನ ಮೇಲೇ ಮೊಟ್ಟೆಯಿಡುತ್ತದೆ. ದನ ತುಳಿದರೆ, ನಾಯಿ ಹೊಕ್ಕರೆ, ನೀರು ಥಟ್ಟನೆ ಏರಿದರೆ ಆ ವರ್ಷದ ಸಂತಾನ ಮುಗಿದಂತೆ.

ಮೂರನೆಯದು ಕುರುಚಲು. ಬಿಳಿಕೆರೆ ಬಳಿಯ ಅರಬಿತಿಟ್ಟು ವನ್ಯಜೀವಿಧಾಮ ಹೆಚ್ಚುಕಮ್ಮಿ 13.5 ಚದರ ಕಿ.ಮೀ. ನಾಗರಹೊಳೆ ರಾಷ್ಟ್ರೀಯ ಉದ್ಯಾನ 643 ಚದರ ಕಿ.ಮೀ. ಧಾಮದ ಹಣೆಪಟ್ಟಿ ಸಿಗದ ಗೋಮಾಳ, ದಿಣ್ಣೆಗಳು ಸರ್ಕಾರಿ ಕಡತದಲ್ಲಿ ಪಾಳುಭೂಮಿ. ಗೌಜಲಹಕ್ಕಿ, ಟಿಟ್ಟಿಭ, ಮೊಲ, ನರಿಗಳ ನೆಲೆ ಅವೇ. ಪಾಳು ಎಂದು ಬರೆದದ್ದನ್ನು ಯಾರಿಗಾದರೂ ಮಂಜೂರು ಮಾಡಲು ಯಾರ ತಕರಾರೂ ಇರುವುದಿಲ್ಲ.

ತಡವಾಗಿ ಎಚ್ಚೆತ್ತರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆ ಬೇಡ. ವಯನಾಡಿನಲ್ಲಿ ದಶಕಗಳ ಹಿಂದೆ ನೆಟ್ಟ ಹಳದಿ ಹೂವಿನ ಸೆನ್ನಾ ಮರ ಅಲ್ಲಿನ ಕಾಡನ್ನು ಆವರಿಸಿತು. ಈಗ ನಾಗರಹೊಳೆ, ಬಂಡೀಪುರಗಳಲ್ಲೂ ಬೇರೂರಿದೆ. ಕಡಿದರೆ ಬುಡದಿಂದ ಹತ್ತು ಚಿಗುರು. ಸಸಿಯಾಗಿದ್ದಾಗ ಕೈಯಲ್ಲಿ ಕೀಳಬಹುದಾದದ್ದಕ್ಕೆ ಈಗ ಯಂತ್ರ, ಟೆಂಡರು ಬೇಕು. ರಣಹದ್ದುಗಳದ್ದು ಇನ್ನೂ ಕಠೋರ ಪಾಠ. ರಾಜಸ್ಥಾನದ ಕೇವಲಾದೇವ್‌ನಲ್ಲಿ 1980ರ ದಶಕದಲ್ಲಿ ಪಕ್ಷಿವಿಜ್ಞಾನಿ ವಿಭು ಪ್ರಕಾಶ್ ರಣಹದ್ದುಗಳನ್ನು ಎಣಿಸಿಟ್ಟಿದ್ದರು. 1990ರ ದಶಕದ ಕೊನೆಗೆ ಮತ್ತೆ ಎಣಿಸಿದಾಗ ಹೆಚ್ಚಿನವು ಇರಲಿಲ್ಲ. ಹಳೆಯ ಲೆಕ್ಕ ಇದ್ದುದರಿಂದಲೇ ಕುಸಿತ ಗೊತ್ತಾಯಿತು. ದನಗಳಿಗೆ ಕೊಡುತ್ತಿದ್ದ ನೋವುನಿವಾರಕ ಡೈಕ್ಲೊಫೆನಾಕ್ ಕಾರಣವೆಂದು 2004ರ ಹೊತ್ತಿಗೆ ತಿಳಿದು, 2006ರಲ್ಲಿ ನಿಷೇಧ ಬಂತು. ಅಷ್ಟರಲ್ಲಿ ಬಿಳಿಬೆನ್ನಿನ ರಣಹದ್ದು ದೇಶದಿಂದಲೇ ಬಹುಪಾಲು ಅಳಿದಿತ್ತು. ನಾಗರಹೊಳೆ–ಬಂಡೀಪುರದ ಸುತ್ತ ಇಂದಿಗೂ ಹಾರುವ ಕೆಲವೇ ರಣಹದ್ದುಗಳು ಆ ದುರಂತದಲ್ಲಿ ಉಳಿದವು. ಕಾಡಂಚಿನ ಔಷಧಿ ಅಂಗಡಿಗಳಲ್ಲಿ 2023ರಲ್ಲಿ ನಿಷೇಧವಾದ ಕೀಟೊಪ್ರೊಫೆನ್, ಅಸಿಕ್ಲೊಫೆನಾಕ್ ಪಶುಗಳಿಗೆ ಮಾರಾಟವಾಗುತ್ತಿಲ್ಲವೇ ಎಂದು ಪಶುಪಾಲನಾ ಇಲಾಖೆ ಖುದ್ದು ನೋಡಬೇಕು.

ಬೇಕಾದ ಕೆಲಸ ದುಬಾರಿಯದಲ್ಲ, ಹೊಸದೂ ಅಲ್ಲ. ಏಷ್ಯಾದ ನೀರುಹಕ್ಕಿ ಗಣತಿ 1987ರಿಂದ ಪ್ರತಿ ಜನವರಿಯಲ್ಲಿ ಹವ್ಯಾಸಿಗಳ ಹೆಗಲ ಮೇಲೇ ನಡೆದು ಬಂದಿದೆ. ಮೈಸೂರು ನಗರದ ಪಕ್ಷಿ ಅಟ್ಲಾಸ್ ಅನ್ನು ಇಲ್ಲಿನವರೇ ಮಾಡಿದ್ದಾರೆ. ಎಚ್.ಡಿ.ಕೋಟೆಯ ಬಾವಲಿ ಗಡಿಯಾಚೆ ಕೇರಳ 2015ರಿಂದ 2020ರವರೆಗೆ ಇಡೀ ರಾಜ್ಯವನ್ನು ಚೌಕಗಳಾಗಿ ಹಂಚಿಕೊಂಡು, ಮಳೆಗಾಲಕ್ಕೊಮ್ಮೆ ಒಣಗಾಲಕ್ಕೊಮ್ಮೆ ಸ್ವಯಂಸೇವಕರಿಂದಲೇ ಹಕ್ಕಿ ಎಣಿಸಿತು. ಅದೇ ಕ್ರಮವನ್ನು ನಾಲ್ಕು ತಾಲ್ಲೂಕುಗಳಿಗೆ ತರಬೇಕು. ಪದವಿ ಕಾಲೇಜುಗಳ ಜೀವಶಾಸ್ತ್ರ ವಿಭಾಗಗಳು ಆಯ್ದ ಕೆರೆಗಳಿಗೆ ತಿಂಗಳಿಗೊಮ್ಮೆ ಹೋಗಲಿ, ಅರಣ್ಯ ಇಲಾಖೆ ಬೀಟ್ ಸಿಬ್ಬಂದಿಯನ್ನು ಜೊತೆಗೂಡಿಸಲಿ. ಹೂಳೆತ್ತುವ ಟೆಂಡರಿನಲ್ಲೇ ಒಂದು ಬದಿಯ ಇಳಿಜಾರು ಅಂಚನ್ನೂ ಜೊಂಡನ್ನೂ ಮುಟ್ಟಬಾರದೆಂಬ ಷರತ್ತು ಸೇರಲಿ. ಪೊಟರೆಯಿರುವ ಹಳೆಯ ಮರ ಉಳಿಸಿದ ರೈತನಿಗೆ ಪ್ರೋತ್ಸಾಹಧನ ಸಿಗಲಿ.

ಲೆಕ್ಕ ಇಡಲು ಜಾಗವೂ ಇದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಒಮ್ಮೆ ಬರೆದು ಬೀರುವಿಗೆ ಸೇರಿಸುವ ಪುಸ್ತಕವಲ್ಲ ಅದು. ಪ್ರತಿ ವರ್ಷದ ಕೆರೆ ಎಣಿಕೆಯನ್ನು ಅದರಲ್ಲಿ ದಾಖಲಿಸಿ ಗ್ರಾಮಸಭೆಯಲ್ಲಿ ಓದಿದರೆ, ಇಳಿಕೆ ಕಂಡ ವರ್ಷವೇ ಪ್ರಶ್ನೆ ಏಳುತ್ತದೆ. ವಲಸೆ ಹಕ್ಕಿಗಳು ನವೆಂಬರ್ ಹೊತ್ತಿಗೆ ಬಂದಿಳಿಯುತ್ತವೆ. ಜಿಲ್ಲಾಡಳಿತ ದಸರೆಗೆ ಮೊದಲೇ ಅರಣ್ಯ, ಸಣ್ಣ ನೀರಾವರಿ, ಪಶುಪಾಲನೆ ಇಲಾಖೆಗಳನ್ನೂ ತಂಬಾಕು ಮಂಡಳಿಯನ್ನೂ ಒಂದೇ ಮೇಜಿಗೆ ಕರೆದು ಎಣಿಕೆಯ ಕೆರೆಗಳನ್ನು ಗೊತ್ತುಮಾಡಲಿ. ಈ ಚಳಿಗಾಲದ ಸಂಖ್ಯೆ ಕೈಯಲ್ಲಿಲ್ಲದಿದ್ದರೆ, ಹತ್ತು ವರ್ಷ ಬಿಟ್ಟು ಏನು ಕಳೆದುಹೋಯಿತೆಂದು ವಾದಿಸಲೂ ನಮ್ಮ ಬಳಿ ಆಧಾರವಿರುವುದಿಲ್ಲ.