ಜ್ವರ ಬಂದಾಗ ಓಡಬೇಡಿ ಮಾರಾಯ್ರೇ

ಮುಂಬೈಗೆ ಬಂದು ಮೂವತ್ತನಾಲ್ಕು ವರ್ಷವಾಯ್ತು. ಬಂದ ಹೊಸತರಲ್ಲಿ ಕಲಿತ ಮೊದಲ ಪಾಠ: ಜ್ವರ ಬಂದರೂ ಲೋಕಲ್ ತಪ್ಪಿಸಬಾರದು. ಒಂದು ದಿನ ಮಲಗಿದರೆ ಆ ದಿನದ ಪಗಾರ ಕಟ್! ಮಾತ್ರೆ ನುಂಗಿ ಬಾಗಿಲಲ್ಲಿ ನೇತಾಡುತ್ತಾ ಹೋಗುತ್ತಿದ್ದೆವು. ಅದನ್ನೇ ಗಟ್ಟಿತನ ಅಂದುಕೊಂಡಿದ್ದೆವು.

ವಯಸ್ಸು ನಲವತ್ತೆಂಟಾದಾಗ ಓಡುವ ಹುಚ್ಚು ಹಿಡಿಯಿತು. ಹಳೇ ಚಾಳಿ ಅಲ್ಲಿಗೂ ಬಂತು ನೋಡಿ.

ಮುಂಬೈ ಮ್ಯಾರಥಾನ್ ಇರುವುದು ಜನವರಿಯಲ್ಲಿ. ಹಾಗಾಗಿ ತಯಾರಿಯೆಲ್ಲ ಮಳೆಗಾಲದಲ್ಲಿ. ಮಲೇರಿಯಾ, ಡೆಂಗ್ಯೂ, ಲೆಪ್ಟೊ ಎಲ್ಲವೂ ಊರಲ್ಲಿ ಓಡಾಡುವ ಕಾಲದಲ್ಲಿ. 2019ರ ಸೆಪ್ಟೆಂಬರಿನ ಒಂದು ಭಾನುವಾರ 16 ಕಿ.ಮೀ. ಓಡಬೇಕಿತ್ತು. ಹಿಂದಿನ ರಾತ್ರಿ 101 ಡಿಗ್ರಿ ಜ್ವರ. ಮಾತ್ರೆ ನುಂಗಿದೆ, ಇಳಿಯಿತು. "ಬೆವರಿದರೆ ಪೂರ್ತಿ ಬಿಡುತ್ತೆ ಬನ್ನಿ" ಅಂದರು ಗೆಳೆಯರು. ಆರನೇ ಕಿಲೋಮೀಟರಿಗೆ ಠಾಣೆಯ ಉಪವನ ಕೆರೆ ಕಟ್ಟೆಯ ಮೇಲೆ ಕುಸಿದು ಕೂತೆ. ಎರಡು ದಿನದ ನಂತರ ಗೊತ್ತಾಯಿತು, ಡೆಂಗ್ಯೂ ಅಂತ.

ಓಡಿದ್ದಕ್ಕೆ ಡೆಂಗ್ಯೂ ಬರಲಿಲ್ಲ, ಬಂದದ್ದು ಸೊಳ್ಳೆಯಿಂದ. ಆದರೆ ಮಾತ್ರೆ ಇಳಿಸಿದ್ದು ಜ್ವರವನ್ನು ಮಾತ್ರ, ಕಾಯಿಲೆಯನ್ನಲ್ಲ. ಡಾಕ್ಟರು ಗದರಿದ್ದೂ ಅದಕ್ಕೇ. ಕೆಲವು ವೈರಸ್‌ಗಳು ಹೃದಯದ ಸ್ನಾಯುವಿಗೇ ಉರಿಯೂತ ತರುತ್ತವಂತೆ. ಆ ಹೊತ್ತಿನಲ್ಲಿ ದೇಹ ದಂಡಿಸಿದರೆ ಜೀವಕ್ಕೇ ಅಪಾಯ. ನಾಲ್ಕು ದಿನ ಆಸ್ಪತ್ರೆ, ಎರಡು ತಿಂಗಳು ಸುಸ್ತು. 2020ರ ಜನವರಿಯ ಓಟವನ್ನು ಟಿವಿಯಲ್ಲಿ ನೋಡಿದೆ. ಪಕ್ಕದಲ್ಲಿ ಕೂತಿದ್ದ ನನ್ನವಳು ಏನೂ ಹೇಳಲಿಲ್ಲ, ಅದೇ ಹೆಚ್ಚು ಚುಚ್ಚಿತು.

ನೆಗಡಿಗೆಲ್ಲ ಓಟ ಬಿಟ್ಟರೆ ಓಡುವುದು ಯಾವಾಗ ಅಂತೀರಾ? ಅದೂ ಸರಿಯೇ. ಓಟಗಾರರಲ್ಲಿ ಕುತ್ತಿಗೆಯ ಲೆಕ್ಕ ಒಂದಿದೆ. ತೊಂದರೆ ಕುತ್ತಿಗೆಯ ಮೇಲಷ್ಟೇ ಇದ್ದರೆ, ಅಂದರೆ ಮೂಗು ಸೋರುವುದು, ಸೀನು ಅಷ್ಟೇ ಆದರೆ, ನಿಧಾನಕ್ಕೆ ಸ್ವಲ್ಪ ಓಡಬಹುದು. ಕುತ್ತಿಗೆಯ ಕೆಳಗಿಳಿದು ಎದೆಯಲ್ಲಿ ಕಫ, ಮೈಕೈ ನೋವು, ಹೊಟ್ಟೆ ಕೆಟ್ಟಿದ್ದು ಇದ್ದರೆ ಬೂಟು ಕಟ್ಟಲೇಬಾರದು. ಜ್ವರವಿದ್ದರಂತೂ ಲೆಕ್ಕವೇ ಬೇಡ, ಮಲಗಿ. ಎದೆನೋವು, ಏದುಸಿರು, ಎದೆ ಡವಗುಟ್ಟುವುದು ಇದ್ದರೆ ಡಾಕ್ಟರ ಹತ್ತಿರ ಓಡಿ... ಅಲ್ಲ, ರಿಕ್ಷಾದಲ್ಲಿ ಹೋಗಿ!

ನಾನು ಇನ್ನೊಂದು ರೂಢಿ ಮಾಡಿಕೊಂಡಿದ್ದೇನೆ. ಬೆಳಿಗ್ಗೆ ಹಾಸಿಗೆಯಲ್ಲೇ ನಾಡಿ ಎಣಿಸುತ್ತೇನೆ. ದಿನಾ 58 ಇರುವುದು 70 ದಾಟಿದರೆ ಆ ದಿನ ಓಟವಿಲ್ಲ. ಜ್ವರ ಬಂದಿದ್ದರೆ, ಮಾತ್ರೆಯಿಲ್ಲದೆ ಎರಡು ದಿನ ಸರಿಯಿದ್ದ ಮೇಲೆ ಮೊದಲು ನಡಿಗೆ, ಆಮೇಲೆ ಅರ್ಧ ಓಟ. ವಾರ, ಹತ್ತು ದಿನ ಬಿಟ್ಟರೆ ತಿಂಗಳುಗಟ್ಟಲೆಯ ತಯಾರಿ ನೀರುಪಾಲಾಗುವುದಿಲ್ಲ.

ನಮ್ಮಜ್ಜಿ ಜ್ವರಕ್ಕೆ ಲಂಘನವೇ ಮದ್ದು ಅನ್ನುತ್ತಿದ್ದರು. ಲಂಘನ ಅಂದರೆ ಉಪವಾಸವೂ ಹೌದು, ಜಿಗಿತವೂ ಹೌದು. ನಾನು ತಪ್ಪು ಅರ್ಥ ಹಿಡಿದೆ, ಅಷ್ಟೇ.

ಪಗಾರ ಕಟ್ ಆಗುವ ಕಾಲ ನಮ್ಮಲ್ಲಿ ಬಹಳ ಜನರಿಗೆ ಮುಗಿದಿದೆ. ಆದರೂ ಮಲಗಲು ನಾಚಿಕೆ ಯಾಕೆ? ಓಡುವುದು ನಮ್ಮ ಖುಷಿಗೆ ತಾನೇ? ಈ ಸಲ ಜ್ವರ ಬಂದರೆ ಗಂಜಿ ಕುಡಿದು, ಹೊದ್ದು ಮಲಗಿ. ಜನವರಿ ಮುಂದಿನ ವರ್ಷವೂ ಬರುತ್ತೆ.